ಕಾನ್ವೆಂಟಿನ ಬಾಗಿಲು, ನಮ್ಮ ಏಳನೇ ಕ್ಲಾಸು

(ಮಾಜಾಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಲಾಗಿದೆ.)



ಸಭೆ ಕರೆದವರು ನನ್ನಿಂದ ಪದ್ಯ ಓದಿಸಬೇಕು ಅಂತಿದ್ದರು. ಪದ್ಯ ಆಮೇಲೆ ಓದುವಾ. ಪದ್ಯ ಓದಲಿಕ್ಕೆ ಮೊದಲು ಅಕ್ಷರ ಬೇಕು. ಆ ಅಕ್ಷರ ನಮ್ಮ ಮಕ್ಕಳ ಕೈಯಿಂದ ಎಲ್ಲಿ ಜಾರಿ ಹೋಗ್ತದೆ ಅನ್ನೋದನ್ನ ಇವತ್ತು ಮಾತಾಡುವಾ.

ಒಂದನೇ ಕ್ಲಾಸಿಗೆ ನಮ್ಮ ಕೇರಿಯ ಮಕ್ಕಳು ಹೋಗ್ತವೆ. ಅಂಗನವಾಡಿಯಿಂದ ನೇರ ಶಾಲೆಗೆ ಹೋಗಿ ಕೂರ್ತವೆ. ಆಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಾಗ ಎಲ್ಲರಿಗೂ ಗಾಬರಿ. ಹುಡುಗ ಹತ್ತರಲ್ಲಿ ಫೇಲಾದ ಅಂತಾರೆ. ನಾನು ಹೇಳ್ತೇನೆ, ಅವನು ಹತ್ತರಲ್ಲಿ ಫೇಲಾದವನಲ್ಲ. ಐದು, ಆರು, ಏಳನೇ ಕ್ಲಾಸಿನಲ್ಲೇ ಅವನು ಹಿಂದೆ ಬಿದ್ದಾಗಿತ್ತು. ಯಾರೂ ನೋಡಿರಲಿಲ್ಲ, ಅಷ್ಟೇ. ಹಳಬರು ಮಿಡ್ಲ್ ಸ್ಕೂಲ್ ಅಂತಿದ್ದ ಕಾಲ ಇದು. ಸರಕಾರಿ ಕಾಗದದಲ್ಲಿ ಹಿರಿಯ ಪ್ರಾಥಮಿಕ. ಅಲ್ಲೀವರೆಗೆ ಓದು ಅಂದ್ರೆ ಅಕ್ಷರ, ಮಗ್ಗಿ, ಹಾಡು. ಇಲ್ಲಿಂದ ಮುಂದೆ ವಿಜ್ಞಾನ, ಸಮಾಜ, ಭಿನ್ನರಾಶಿ, ಇಂಗ್ಲಿಷು. ಮನೆಯಲ್ಲಿ ಕೇಳಿದರೆ ಹೇಳಿಕೊಡುವವರಿಲ್ಲ. ಅದೇ ವಯಸ್ಸಿಗೆ ಹುಡುಗನ ಕೈ ಕೆಲಸಕ್ಕೆ ಬರುತ್ತದೆ, ಹುಡುಗಿಯ ಸೊಂಟಕ್ಕೆ ತಮ್ಮನೋ ತಂಗಿಯೋ ಏರುತ್ತದೆ.

ಈ ಹೊತ್ತಿನಲ್ಲೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಏಪ್ರಿಲ್, ಮೇ ತಿಂಗಳು. ಗೋವಾಕ್ಕೆ ದುಡಿಯಲು ಹೋದ ಮಾವ ಊರಿಗೆ ಬಂದು, ಹುಡುಗನನ್ನ ಕಾನ್ವೆಂಟಿಗೆ ಹಾಕಿ, ಇಲ್ಲಾಂದ್ರೆ ಅವನೂ ನನ್ನ ಹಾಗೇ ಆಗ್ತಾನೆ ಅಂತಾನೆ. ಅಜ್ಜಿ ಪಾದ್ರಿಗಳ ಶಾಲೆ ಬೇಡ ಅಂತಾಳೆ. ಆಯಿ ಸುಮ್ಮನಿದ್ದು ಫೀಸಿನ ಲೆಕ್ಕ ಹಾಕ್ತಾಳೆ. ಇಲ್ಲಿ ಕೂತವರಲ್ಲಿ ಈ ಮಾತು ನಡೆಯದ ಮನೆಯವರು ಕಡಿಮೆ. ನಾವೇನು ಹೇಳಬೇಕು? ಕಾನ್ವೆಂಟು ನಮ್ಮದೋ, ಪರರದ್ದೋ?

ಉತ್ತರ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1856ನೇ ಇಸವಿ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಶಾಲೆ ಸೇರಿಸಿಕೊಳ್ಳಲಿಲ್ಲ. ಹುಡುಗ ಬಿಡಲಿಲ್ಲ, ಮುಂಬೈ ಸರಕಾರಕ್ಕೆ ಮನವಿ ಕೊಟ್ಟ. ಸರಕಾರ ಏನು ಹೇಳಿತು ಗೊತ್ತೆ? ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬ ಹುಡುಗನಿಗಾಗಿ ಮೇಲ್ಜಾತಿಯವರ ಮಕ್ಕಳೆಲ್ಲ ಶಾಲೆ ಬಿಟ್ಟು ಹೋದರೆ ಶಾಲೆಯೇ ಉಪಯೋಗಕ್ಕೆ ಬಾರದಂತಾಗುತ್ತದೆ, ಆದ್ದರಿಂದ ಆಗದು, ಅಂತ. ಕಲ್ಕತ್ತೆಯ ದೊಡ್ಡ ಸರಕಾರಕ್ಕೆ ಕಾಗದ ಹೋಯಿತು. ಬಂಗಾಳದ ಸರಕಾರಿ ಶಾಲೆಯಲ್ಲಾದರೆ ಈ ಹುಡುಗನಿಗೆ ಇಲ್ಲ ಅನ್ನುತ್ತಿರಲಿಲ್ಲ ಅಂತ ಅವರು ಬರೆದರು. ಕೊನೆಗೆ 1858ರಲ್ಲಿ, ಸರಕಾರಿ ಶಾಲೆ ಎಲ್ಲ ವರ್ಗಕ್ಕೂ ಭೇದವಿಲ್ಲದೆ ತೆರೆದಿರಬೇಕು ಅನ್ನುವ ತತ್ವ ಕಾಗದದ ಮೇಲೆ ಬಂತು. ಈ ಕತೆಯನ್ನ ಬಾಬಾಸಾಹೇಬ್ ಅಂಬೇಡ್ಕರ್ ಮತ್ತೆ ಎತ್ತಿ ತೋರಿಸಿದ್ದಾರೆ. ಆ ಹುಡುಗನ ಹೆಸರು ನಮಗೆ ಯಾರೂ ಪಾಠದಲ್ಲಿ ಹೇಳಲಿಲ್ಲ. ಆ ಹುಡುಗ ಅರ್ಜಿ ಹಾಕಿದ ಆರು ವರ್ಷಕ್ಕೆ, 1862ರಲ್ಲಿ, ನಮ್ಮ ಉತ್ತರ ಕನ್ನಡವೂ ಮದ್ರಾಸಿನಿಂದ ಅದೇ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಂದರೆ ಆ ಧಾರವಾಡದ ಬಾಗಿಲೇ ನಮ್ಮ ಬಾಗಿಲು.

ಈಗ ಇನ್ನೊಂದು ಬಾಗಿಲು ನೋಡಿ. ಅದಕ್ಕೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯ ಒಬ್ಬ ಮಾಂಗ ಹುಡುಗಿ ಪ್ರಬಂಧ ಬರೆದಳು. ಹೆಸರು ಮುಕ್ತಾ ಸಾಳ್ವೆ. ಜೋತಿಬಾ ಫುಲೆ, ಸಾವಿತ್ರಿಬಾಯಿ ಕಟ್ಟಿದ ಶಾಲೆಯ ವಿದ್ಯಾರ್ಥಿನಿ. ಇವತ್ತು ಮಿಡ್ಲ್ ಸ್ಕೂಲಿನಲ್ಲೋ ಅದರ ಹೊಸ್ತಿಲಲ್ಲೋ ಇರುವ ಹುಡುಗಿಯ ವಯಸ್ಸು ಅವಳದು. ಮಾಂಗ ಮಹಾರರ ದುಃಖವನ್ನು ಬರೆದಳು, ನಮಗೆ ಓದಲು ಬಿಡದ ಧರ್ಮ ನಮ್ಮದು ಹೇಗಾಗುತ್ತದೆ ಎಂದು ಕೇಳಿದಳು. ಅದನ್ನು ಅಚ್ಚು ಹಾಕಿದ ಪತ್ರಿಕೆ ಯಾವುದು? ಜ್ಞಾನೋದಯ. ಅಮೆರಿಕನ್ ಮಿಷನ್ನಿನವರ ಮರಾಠಿ ಪತ್ರಿಕೆ. ಫುಲೆ ತಾವೇ ಓದಿದ್ದು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ನಮ್ಮ ದಕ್ಷಿಣದ ನೆರೆಯಲ್ಲಿ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಶಾಲೆ ತೆಗೆಯಿತು, ಅಚ್ಚುಕೂಟ ತೆಗೆಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದಿತು. ಅದೇ ಊರಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗಾಗಿ ಶಾಲೆ ತೆರೆದರು. ಅವರು ಪಾದ್ರಿಯಲ್ಲ, ಬ್ರಾಹ್ಮಣ ವಕೀಲರು. ಅವರ ಜಾತಿಯವರೇ ಅವರನ್ನು ಹೊರಗಿಟ್ಟರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಮಿಷನ್ ಶಾಲೆ ಅಂದಕೂಡಲೆ ಮೂಗು ಮುರಿಯುವವರು ನಮ್ಮಲ್ಲೂ ಹುಟ್ಟಿಕೊಂಡಿದ್ದಾರೆ. ಊರ ಶಾಲೆ ಮುಚ್ಚಿಕೊಂಡ ಕಾಲದಲ್ಲಿ ತೆರೆದ ಬಾಗಿಲುಗಳಲ್ಲಿ ಅದೂ ಒಂದು. ಅದನ್ನ ಮರೆಯಬಾರದು. ಆದರೆ ಕೃತಜ್ಞತೆ ಬೇರೆ, ಕಾಲಿಗೆ ಬೀಳೋದು ಬೇರೆ.

ಕಾರವಾರದವರೆಲ್ಲ ಟ್ಯಾಗೋರರ ಹೆಸರು ಹೇಳ್ತಾರೆ. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದರು, ಕಡಲು ನೋಡಿದರು, ಒಂದು ನಾಟಕ ಬರೆದರು, ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ. ಆ ನಾಟಕದಲ್ಲಿ ಏನಿದೆ ಅಂತ ಯಾರೂ ಹೇಳೋದಿಲ್ಲ. ಅದರಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಊರು ಮುಟ್ಟದ ಹುಡುಗಿ. ಒಬ್ಬ ಸಂನ್ಯಾಸಿಗೆ ಅವಳ ಮೇಲೆ ಮಮತೆ ಬರುತ್ತದೆ. ಆ ಮಮತೆಗೆ ತಾನೇ ಹೆದರಿ ಅವಳನ್ನ ಬಿಟ್ಟು ಓಡ್ತಾನೆ. ಮನಸ್ಸು ಬದಲಾಗಿ ತಿರುಗಿ ಬರುವ ಹೊತ್ತಿಗೆ ಹುಡುಗಿ ಸತ್ತಿರ್ತಾಳೆ. ಮಮತೆ ನಿಜವೇ ಇತ್ತು, ಆದರೆ ಹುಡುಗಿ ಉಳಿಯಲಿಲ್ಲ. ದಯೆಯ ಮೇಲೆ ನಿಂತ ಶಾಲೆಯ ಗತಿಯೂ ಇಷ್ಟೇ. ಒಳ್ಳೇ ಪಾದ್ರಿ ಇದ್ದಾಗ ನಮ್ಮ ಹುಡುಗನಿಗೆ ಸೀಟು, ಅವರಿಗೆ ವರ್ಗವಾದರೆ ಹುಡುಗ ಹೊರಗೆ.

ನನ್ನ ಅನುಭವ ಹೇಳ್ತೇನೆ. ಶಾಲೆಯ ಹೆಸರು ಬೇಡ, ಕರಾವಳಿಯ ಒಂದು ಕಾನ್ವೆಂಟು ಅಂದುಕೊಳ್ಳಿ. ಐದರಿಂದ ಏಳರವರೆಗೆ ಅಲ್ಲಿದ್ದೆ. ಅಲ್ಲಿ ನನ್ನನ್ನು ಯಾರೂ ದೂರ ಕೂರಿಸಲಿಲ್ಲ, ನೀರಿನ ಲೋಟ ಬೇರೆ ಇಡಲಿಲ್ಲ. ಅದು ಸಣ್ಣ ಮಾತಲ್ಲ. ಒಬ್ಬರು ಸಿಸ್ಟರ್ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಕೂರಿಸಿ ಇಂಗ್ಲಿಷ್ ಓದಿಸುತ್ತಿದ್ದರು. ಇವತ್ತು ನಾನು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಹಿಡಿದು ಓದಬಲ್ಲೆ ಅಂದ್ರೆ ಆ ಅರ್ಧ ತಾಸೇ ಕಾರಣ. ಅದೇ ಶಾಲೆಯಲ್ಲಿ ಫೀಸು ಬಾಕಿ ಇದ್ದವರ ಹೆಸರನ್ನು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೆ ಎಲ್ಲರೆದುರು ಓದುತ್ತಿದ್ದರು. ಪ್ರಾರ್ಥನೆಯಲ್ಲಿ ಬಡವರು ಧನ್ಯರು. ಪಟ್ಟಿ ಓದುವಾಗ ಬಡವರು ನಿಲ್ಲಬೇಕು. ಜಾತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಿಂತವರು ಯಾರ ಮಕ್ಕಳು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಏಳು ಮುಗಿಸಿ ನಾನು ಸರಕಾರಿ ಹೈಸ್ಕೂಲಿಗೆ ಬಂದೆ. ಆಯಿಯ ಕೂಲಿ ಅಷ್ಟಕ್ಕೇ ಸಾಕಾಗುತ್ತಿತ್ತು.

ಇನ್ನೊಂದು ವಿಷಯ, ಇದನ್ನ ಯಾರೂ ಲೆಕ್ಕ ಹಾಕೋದಿಲ್ಲ. ಸರಕಾರಿ ಶಾಲೆಯ ಐದನೇ ಕ್ಲಾಸಿನ ಮಗುವಿಗೆ ಬಿಸಿಯೂಟ ಉಂಟು, ಪುಸ್ತಕ ಉಂಟು, ಸಮವಸ್ತ್ರ ಉಂಟು. ಅನುದಾನವಿಲ್ಲದ ಕಾನ್ವೆಂಟಿಗೆ ಹೋದ ದಿನವೇ ಅದೆಲ್ಲ ನಿಂತು ಹೋಗುತ್ತದೆ. ಫೀಸು ಮಾತ್ರ ಖರ್ಚಲ್ಲ. ಮಧ್ಯಾಹ್ನದ ಅನ್ನ, ಬೂಟು, ಟೈ, ಡೈರಿ, ಬಸ್ಸು ಎಲ್ಲ ಹೊಸ ಖರ್ಚು. ಹಾಗಾಗಿ ಕ್ರೈಸ್ತ ಶಾಲೆ ಅಂದಕೂಡಲೆ ಎಲ್ಲ ಒಂದೇ ಅನ್ನಬೇಡಿ. ನಮ್ಮ ಕರಾವಳಿಯಲ್ಲಿ ಅನೇಕ ಕಡೆ ಒಂದೇ ಕಂಪೌಂಡಿನೊಳಗೆ ಎರಡು ಶಾಲೆ ಇರುತ್ತವೆ. ಒಂದು ಹಳೇದು, ಕನ್ನಡ ಮಾಧ್ಯಮ, ಅನುದಾನಿತ. ಮೇಷ್ಟ್ರ ಸಂಬಳ ಸರಕಾರದ್ದು, ಬಿಸಿಯೂಟ ಇದೆ, ಹೆಂಚು ಒಡೆದಿದೆ, ಮಕ್ಕಳು ಕಡಿಮೆ. ಇನ್ನೊಂದು ಹೊಸದು, ಇಂಗ್ಲಿಷ್ ಮಾಧ್ಯಮ, ಅನುದಾನವಿಲ್ಲ, ಬಣ್ಣ ಹೊಡೆದಿದೆ, ಕ್ಯೂ ಇದೆ. ಶಿಲುಬೆ ಒಂದೇ, ಗೇಟು ಒಂದೇ. ಒಳಗೆ ಹೋದ ಮೇಲೆ ವರ್ಗ ಎರಡು. ಹಿಂದೆ ಮುಟ್ಟಿದರೆ ಮೈಲಿಗೆ ಅಂತ ಎರಡು ಮಾಡಿದರು. ಈಗ ಮಾಧ್ಯಮ ಅಂತ ಎರಡು ಮಾಡ್ತಾರೆ.

ಭಾಷೆಯ ಮಾತು ಬಂತು. ಮಾಜಾಳಿಯ ಮಗುವಿನ ಕಷ್ಟ ಬೆಂಗಳೂರಿನವರಿಗೆ ತಿಳಿಯೋದಿಲ್ಲ. ಇದು ಗಡಿಯ ಊರು. ಆಚೆ ಪೋಳೆಂ, ಗೋವಾ. ಮನೆಯಲ್ಲಿ ಕೊಂಕಣಿ. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬೈ ಪ್ರಾಂತ್ಯ, ಮರಾಠಿಯ ಪ್ರಭಾವ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, ಕನ್ನಡ ಬಂತು. ಈಗ ಇಂಗ್ಲಿಷ್. ಮನೆಯಲ್ಲಿ ಉದಾಕ್, ಶಾಲೆಯಲ್ಲಿ ನೀರು, ಕಾನ್ವೆಂಟಿನಲ್ಲಿ ವಾಟರ್. ಮೂರು ಹೆಸರಿದ್ದರೂ ಅದನ್ನು ಮುಟ್ಟುವ ಹಕ್ಕಿಗಾಗಿ ನಮ್ಮವರು 1927ರಲ್ಲಿ ಮಹಾಡದ ಕೆರೆಗೆ ನಡೆದು ಹೋಗಬೇಕಾಯಿತು. ಮಗು ಕನ್ನಡದಲ್ಲಿ ಕಾಲೂರುವ ಹೊತ್ತಿಗೆ, ಐದನೇ ಕ್ಲಾಸಿಗೆ, ಅದನ್ನ ಎತ್ತಿ ಇಂಗ್ಲಿಷಿಗೆ ಹಾಕಿದರೆ ಏನಾಗ್ತದೆ? ಬಾಯಿ ಮುಚ್ಚಿ ಕೂರ್ತದೆ. ಮೇಷ್ಟ್ರು ದಡ್ಡ ಅಂತಾರೆ. ಮೂರು ಭಾಷೆ ಕೇಳಿ ಬಲ್ಲ ಮಗು ದಡ್ಡನೇ?

ಹಾಗಂತ ಇಂಗ್ಲಿಷ್ ಬೇಡ ಅಂತ ಹೇಳುವವನು ನಾನಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ರಾಜ್ಯವೇ ಹೊತ್ತಿ ಉರಿಯಿತು. ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಮಂತ್ರಿಗಿರಿ ಹೋಯಿತು. ಬೀದಿಗಿಳಿದು ಕನ್ನಡ ಉಳಿಸಿ ಅಂದವರ ಮಕ್ಕಳು ಆಮೇಲೆ ಎಲ್ಲಿ ಓದಿದರು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ನಮ್ಮ ಮಕ್ಕಳು ಮಾತ್ರ ಕನ್ನಡದ ಕಾವಲುಗಾರರಾಗಿ ಬಾಗಿಲಲ್ಲಿ ನಿಲ್ಲಬೇಕೇ? ಕನ್ನಡ ನಮಗೆ ಬೇಕು, ನಾನು ಬರೆಯೋದೇ ಕನ್ನಡದಲ್ಲಿ. ಇಂಗ್ಲಿಷೂ ಬೇಕು. ಸರಕಾರ 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆಗೆಯಿತು. ಆಗಲೂ ಗದ್ದಲ ಎದ್ದಿತು. ನಮ್ಮ ಪ್ರಶ್ನೆ ಬೇರೆ: ವಿಭಾಗ ತೆಗೆದಿರಿ, ಕಲಿಸುವವರೆಲ್ಲಿ?

ಈಗ ಕಾನೂನಿಗೆ ಬರುವಾ. ಇದನ್ನ ಗಮನ ಕೊಟ್ಟು ಕೇಳಿ, ನೋಟ್ಸು ಮಾಡಿಕೊಳ್ಳಿ.

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣ ಉಚಿತ, ಕಡ್ಡಾಯ. ಅದರ 12ನೇ ಕಲಮಿನಲ್ಲಿ, ಖಾಸಗಿ ಶಾಲೆ ಆರಂಭದ ತರಗತಿಯಲ್ಲಿ ನೂರಕ್ಕೆ 25 ಸೀಟನ್ನು ಬಡವರ, ಹಿಂದುಳಿದವರ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರಕಾರ ತುಂಬುತ್ತದೆ ಅಂತಿದೆ. ಕರ್ನಾಟಕದಲ್ಲಿ 2012–13ರಿಂದ ಈ ಸೀಟು ಕೊಡಲು ಶುರುವಾಯಿತು. ಆದರೆ ಅದೇ 2012ರಲ್ಲಿ ಸುಪ್ರೀಂ ಕೋರ್ಟು, ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗೆ ಇದು ಅನ್ವಯಿಸದು ಅಂದಿತು. 2014ರ ಮೇ 6ರಂದು ಇನ್ನೂ ಮುಂದೆ ಹೋಗಿ, ಅನುದಾನ ಪಡೆದರೂ ಪಡೆಯದಿದ್ದರೂ ಅಲ್ಪಸಂಖ್ಯಾತ ಶಾಲೆಗೆ ಇಡೀ ಕಾಯ್ದೆಯೇ ಅನ್ವಯಿಸದು ಅಂದಿತು. ಅದೇ ದಿನ ಇನ್ನೊಂದು ತೀರ್ಪು ಬಂತು. ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುವ ಕರ್ನಾಟಕದ ಆದೇಶ ನಿಲ್ಲದು, ಮಾಧ್ಯಮ ಆರಿಸುವುದು ತಂದೆತಾಯಿಯ ಹಕ್ಕು, ಅಂತ. ಒಂದೇ ದಿನ, ಎರಡು ತೀರ್ಪು. ಒಂದು, ಬೇಕಾದ ಮಾಧ್ಯಮ ಆರಿಸಿಕೋ ಅಂದಿತು. ಇನ್ನೊಂದು, ಕಾನ್ವೆಂಟಿನಲ್ಲಿ ನಿನಗೆ ಸೀಟು ಕೊಡಲೇಬೇಕೆಂದಿಲ್ಲ ಅಂದಿತು. ಕೈಯಲ್ಲಿ ಕಾಸಿದ್ದವನಿಗೆ ಮೊದಲನೆಯದು ಸಿಕ್ಕಿತು. ನಮಗೆ ಎರಡನೆಯದು.

2019ರಲ್ಲಿ ನಮ್ಮ ರಾಜ್ಯ ನಿಯಮವನ್ನೇ ಬದಲಿಸಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹೈಕೋರ್ಟು ಅದನ್ನ ಎತ್ತಿ ಹಿಡಿಯಿತು. ಸರಕಾರಿ ಶಾಲೆ ಉಳಿಯಲಿ ಅನ್ನುವ ಮಾತು ಸರಿಯೇ. ಆದರೆ ಸರಕಾರಿ ಶಾಲೆ ಉಳಿಸುವ ಭಾರವೂ ನಮ್ಮ ಮಕ್ಕಳ ತಲೆಮೇಲೇ ಬಿತ್ತು. ಅಧಿಕಾರಿಯ ಮಗನಿಗೆ ಯಾವ ನಿಯಮವೂ ಅಡ್ಡ ಬರಲಿಲ್ಲ. ಇನ್ನೊಂದು ಗುಂಡಿ ಎಲ್ಲಿದೆ ನೋಡಿ: ಕಾಯ್ದೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಸೀಟು ಸಿಕ್ಕವನೂ ಒಂಬತ್ತಕ್ಕೆ ಬಂದಾಗ ಪೂರ್ತಿ ಫೀಸು ಕಟ್ಟಬೇಕು. 2012ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಎಂಟು ಮುಗಿಸಿದ್ದು 2020ರಲ್ಲಿ. ಕೊರೋನಾ ಬಂದು ಕೂಲಿಯೂ ನಿಂತ ವರ್ಷ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, 2014ರ ತೀರ್ಪು ಸರಿಯೇ ಅಂತ ಸಂಶಯಪಟ್ಟು, ದೊಡ್ಡ ಪೀಠಕ್ಕೆ ಕಳಿಸಬೇಕು ಅಂದಿದ್ದಾರೆ. ಇದು ಅಂತಿಮ ತೀರ್ಪಲ್ಲ. ಆದರೆ ಬಾಗಿಲಲ್ಲಿ ಒಂದು ಸಂದು ಕಂಡಿದೆ. ಇಲ್ಲಿ ಎಚ್ಚರ ಬೇಕು. ಅಲ್ಪಸಂಖ್ಯಾತರ ಹಕ್ಕನ್ನೇ ಕಿತ್ತು ಹಾಕಬೇಕು ಅನ್ನುವವರು ನಮ್ಮ ಹೆಗಲ ಮೇಲೆ ಬಂದೂಕು ಇಡಲು ಕಾಯ್ತಿದ್ದಾರೆ. ಸಂವಿಧಾನದ 30ನೇ ಕಲಮು ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಅದು ಇರಲೇಬೇಕು. ಸಣ್ಣವರ ಹಕ್ಕು ಕಸಿದರೆ ಮುಂದಿನ ಸರದಿ ನಮ್ಮದೇ. ನಾವು ಕೇಳುವುದು ಇಷ್ಟೇ: ಸ್ವಾಮಿ, ಶಾಲೆ ನಿಮ್ಮದು, ಹೆಸರು ನಿಮ್ಮದು, ಆಡಳಿತ ನಿಮ್ಮದು. ನಮ್ಮ ಮಗುವಿಗೆ ಒಂದು ಬೆಂಚು ಕೊಡಿ.

ಕಾನ್ವೆಂಟಿಗೆ ಹೋದರೆ ಮಗುವಿನ ಧರ್ಮ ಕೆಡುತ್ತದೆ ಅನ್ನುವವರಿಗೂ ಉತ್ತರ ಇದೆ. ಸರಕಾರ ಮಾನ್ಯ ಮಾಡಿದ ಶಾಲೆಯಲ್ಲಿ, ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಪಾಠಕ್ಕೆ ಕೂರಿಸುವ ಹಾಗಿಲ್ಲ. ಇದು ಸಂವಿಧಾನದ 28ನೇ ಕಲಮು. ಧಾರವಾಡದ ಹುಡುಗನನ್ನ ಶಾಲೆಯ ಬಾಗಿಲಿನಿಂದ ತಳ್ಳಿದಾಗ ಯಾರ ಧರ್ಮ ಉಳಿಯಿತು ಅಂತಲೂ ಅವರನ್ನ ಕೇಳಿ.

ಇನ್ನು ನಮ್ಮಲ್ಲೇ ಶಿಲುಬೆ ಹಿಡಿದವರ ಕತೆ. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದ್ರೆ ಹಿಂದುಗಳು ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತ ದಲಿತ ಹೊರಗೇ ಉಳಿದ. ಕರ್ನಾಟಕ ಅವನನ್ನ ಪ್ರವರ್ಗ 1ರಲ್ಲಿ ಇಟ್ಟಿದೆ. ನಮ್ಮ ಜಿಲ್ಲೆಯಲ್ಲೇ ಇದರ ವಿಚಿತ್ರ ನೋಡಿ. ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಹಿಂದು, ಕ್ರೈಸ್ತ, ಮುಸ್ಲಿಂ ಮೂರೂ ಉಂಟು. 2003ರಲ್ಲಿ ಅವರು ಪರಿಶಿಷ್ಟ ಪಂಗಡವಾದರು. ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಆದ್ದರಿಂದ ಕ್ರೈಸ್ತ ಸಿದ್ದಿಯ ಮಗುವಿಗೆ ಸರ್ಟಿಫಿಕೇಟು ಇದೆ, ಕ್ರೈಸ್ತ ಮಹಾರನ ಮಗುವಿಗೆ ಇಲ್ಲ. ಸಿದ್ದಿಗೆ ಸಿಕ್ಕಿದ್ದು ನ್ಯಾಯ, ಅದರ ಬಗ್ಗೆ ತಕರಾರಿಲ್ಲ. ಇನ್ನೊಬ್ಬನಿಗೆ ಯಾಕಿಲ್ಲ ಅಂತ ಕೇಳ್ತೇನೆ. ಚರ್ಚಿನೊಳಗೆ ಜಾತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊಂಕಣಿ ಕ್ರೈಸ್ತರಲ್ಲಿ ಬಾಮಣ, ಚಾರೋಡಿ, ಸುದೀರ್ ಅನ್ನುವ ಭೇದ ಈ ಕರಾವಳಿಯವರಿಗೆ ಗೊತ್ತಿದ್ದದ್ದೇ. 2016ರಲ್ಲಿ ಭಾರತದ ಕ್ಯಾಥೋಲಿಕ್ ಬಿಷಪ್ಪರೇ ದಲಿತರ ಬಗ್ಗೆ ಒಂದು ನೀತಿಪತ್ರ ತಂದು, ತಮ್ಮೊಳಗೆ ಅಸ್ಪೃಶ್ಯತೆ ಉಳಿದಿದೆ ಅಂತ ಒಪ್ಪಿಕೊಂಡರು. ಮೊದಲ ದಲಿತ ಕಾರ್ಡಿನಲ್ ಆದದ್ದು 2022ರಲ್ಲಿ, ಹೈದರಾಬಾದಿನ ಆಂತೋನಿ ಪೂಲ. ಒಪ್ಪಿಕೊಂಡ ಮೇಲೆ ಕೆಲಸ ಶುರುವಾಗಬೇಕಾದ್ದು ಶಾಲೆಯ ಹಾಜರಿ ಪುಸ್ತಕದಿಂದ.

ಖಾಸಗಿ ಶಾಲೆ ಅಂದ್ರೆ ಲೂಟಿಯೇ ಆಗಬೇಕಾಗಿಲ್ಲ. ನಮ್ಮ ಅಂಕೋಲೆಯ ದಿನಕರ ದೇಸಾಯರನ್ನ ನೆನೆಯಿರಿ. ಗೇಣಿ ರೈತರ ಹೋರಾಟ ಕಟ್ಟಿದವರು, ಚುಟುಕ ಬರೆದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲು ತೆಗೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ತಂದರು. ಅದೂ ಖಾಸಗಿಯೇ. ಶಾಲೆಯನ್ನ ಯಾರು ನಡೆಸ್ತಾರೆ ಅನ್ನೋದಕ್ಕಿಂತ ಯಾರಿಗಾಗಿ ನಡೆಸ್ತಾರೆ ಅನ್ನೋದು ದೊಡ್ಡ ಪ್ರಶ್ನೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ನಾಲ್ಕು ಕೆಲಸ ಹೇಳ್ತೇನೆ.

ಒಂದು. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳ ಪಟ್ಟಿ ಮಾಡಿ. ಮಹಾರ, ಮುಕ್ರಿ, ಆಗೇರ, ಹಳ್ಳೇರ, ಯಾರೇ ಇರಲಿ. ಯಾರು ಓದ್ತಾರೆ, ಯಾರು ತಡವರಿಸ್ತಾರೆ, ಯಾರು ಹೋಗೋದೇ ಬಿಟ್ಟಿದ್ದಾರೆ ಅಂತ ಬರೆಯಿರಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ಅರ್ಜಿಯ ಕೊನೇ ದಿನ ತಾಲೂಕು ಕಚೇರಿಯ ಎದುರು ಅಳುತ್ತಾ ನಿಲ್ಲಬಾರದು.

ಎರಡು. ಆರನೇ ಕ್ಲಾಸು ದೊಡ್ಡ ಬಾಗಿಲು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಆರರಿಂದ ಶುರು. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಸರಕಾರದ್ದು. ಪರಿಶಿಷ್ಟ ಜಾತಿಯ ಜಾಣ ಮಕ್ಕಳನ್ನ ಪ್ರತಿಷ್ಠಿತ ಖಾಸಗಿ ಶಾಲೆಗೆ ಆರನೇ ಕ್ಲಾಸಿಗೆ ಸೇರಿಸಿ ಫೀಸು ಸರಕಾರವೇ ಕಟ್ಟುವ ಯೋಜನೆಯನ್ನೂ ಸಮಾಜ ಕಲ್ಯಾಣ ಇಲಾಖೆ ಮಾಡಿದೆ. ನಿಮ್ಮ ತಾಲೂಕಿನಿಂದ ಯಾರ ಮಗು ಹೋಯಿತು, ಯಾವ ಶಾಲೆಗೆ ಹೋಯಿತು ಅಂತ ಇಲಾಖೆಯಲ್ಲಿ ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರ ಒಪ್ಪಬೇಡಿ.

ಮೂರು. ಕಾನ್ವೆಂಟಿನ ಬಾಗಿಲಿಗೂ ಹೋಗಿ. ಒಬ್ಬರೇ ಹೋಗಬೇಡಿ, ಐದಾರು ಮಂದಿ ಹೋಗಿ. ಮೂರು ಪ್ರಶ್ನೆ ಕೇಳಿ. ಈ ಶಾಲೆ ಅನುದಾನಿತವೋ ಅಲ್ಲವೋ? ಐದು, ಆರು, ಏಳರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳೆಷ್ಟು? ಫೀಸು ಬಾಕಿ ಇದ್ದ ಮಗುವನ್ನು ಹೇಗೆ ನಡೆಸಿಕೊಳ್ತೀರಿ? ವಿನಯದಿಂದ ಕೇಳಿ, ತಲೆ ತಗ್ಗಿಸಬೇಡಿ.

ನಾಲ್ಕು. ಇದು ಎಲ್ಲಕ್ಕಿಂತ ಕಷ್ಟದ್ದು. ನಿಮ್ಮ ಹಾಸ್ಟೆಲಿನ ಸುತ್ತ ಇರುವ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ದಿನಾ ಸಂಜೆ ಅರ್ಧ ತಾಸು ಕೊಡಿ. ಇಂಗ್ಲಿಷ್ ಓದಿಸಿ, ಲೆಕ್ಕ ಮಾಡಿಸಿ. ಕೊಂಕಣಿಯ ಮಗುವಿಗೆ ಕೊಂಕಣಿಯಲ್ಲೇ ಹೇಳಿ. ಒಬ್ಬ ಸಿಸ್ಟರ್ ಕೊಟ್ಟ ಅರ್ಧ ತಾಸಿನಿಂದ ಒಬ್ಬ ಹುಡುಗ ಓದಲು ಕಲಿತ. ಇಲ್ಲಿ ಕೂತ ನೀವೆಲ್ಲ ಕೊಟ್ಟರೆ ಎಷ್ಟು ಮಕ್ಕಳು ಕಲಿತಾವು? ಅವರು ಕೊಟ್ಟದ್ದು ದಯೆ ಅನ್ನಿ. ನಾವು ಕೊಡೋದು ಸಾಲ ತೀರಿಸೋದು.

ಕೊನೇ ಮಾತು. ಧಾರವಾಡದ ಸರಕಾರಿ ಶಾಲೆ ಒಬ್ಬ ಹುಡುಗನನ್ನ ಹೊರಗೆ ನಿಲ್ಲಿಸಿ ಎಪ್ಪತ್ತು ವರ್ಷ ದಾಟಿದ ಮೇಲೆ, ಬಾಬಾಸಾಹೇಬರು 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆ ನಮ್ಮ ಹುಡುಗರಿಗಾಗಿ ಐದು ಊರಿನಲ್ಲಿ ಹಾಸ್ಟೆಲ್ ನಡೆಸಿತು. ಪನವೇಲ, ಠಾಣೆ, ನಾಸಿಕ, ಪುಣೆ. ಐದನೆಯದು ಧಾರವಾಡ. ಬಾಗಿಲು ಹಾಕಿಕೊಂಡ ಊರಲ್ಲೇ ನಮ್ಮ ಬಾಗಿಲು ತೆಗೆದರು. ನೀವು ಇವತ್ತು ಮಲಗುವ ಹಾಸ್ಟೆಲಿನ ಕಬ್ಬಿಣದ ಮಂಚಕ್ಕೆ ಅಷ್ಟು ಉದ್ದದ ಚರಿತ್ರೆ ಉಂಟು. ಅದರ ಮೇಲೆ ಮಲಗಿ ನಿದ್ದೆ ಮಾಡಿ, ಬೇಡ ಅನ್ನೋದಿಲ್ಲ. ಆದರೆ ಏಳನೇ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂತ ನಿಮ್ಮ ತಮ್ಮನನ್ನ, ತಂಗಿಯನ್ನ ಎಬ್ಬಿಸಿದ ಮೇಲೆ ಮಲಗಿ.

ಜೈ ಭೀಮ್.